ಹುಲಿಗಿಯನ್ನು ಸೋಲಿಸಿದ ಮಳೆಗಾಲ

ಡ್ಯಾಂನಿಂದ ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಕಡ್ಡಿರಾಂಪುರದ ರಸ್ತೆಯಲ್ಲಿ ಒಂದು ವಾಸನೆ ಏಳುತ್ತದೆ. ಬೇಸಿಗೆಯಲ್ಲಿ ಬಿರಿದು ಒಣಗಿದ ಕೆಸರು, ಸತ್ತ ಬಸವನಹುಳು, ಕೊಳೆತ ಬಾಳೆದಿಂಡು, ಎಲ್ಲವನ್ನೂ ಹೊಸ ನೀರು ಒಟ್ಟಿಗೆ ಎಬ್ಬಿಸಿಕೊಂಡು ಬರುವ ವಾಸನೆ ಅದು. ಚೆನ್ನಾಗಿದೆ ಅಂತ ಯಾರೂ ಹೇಳಲಾರರು. ಈ ವರ್ಷ ಕೆಲಸದ ಮೇಲೆ ಹಂಪಿ ಕಡೆ ಹೊರಟಿದ್ದ ನಾನು ಆ ವಾಸನೆಗೆ ಬೈಕ್ ನಿಲ್ಲಿಸಿ, ಕಾಲುವೆ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ವಾಸನೆಗೂ ನೆನಪಿಗೂ ಸಂಬಂಧವಿದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ 'ಪುರಾವೆ ಕೊಡಿ' ಅನ್ನುತ್ತಿದ್ದೆ. ಈಗ ನಾನೇ ಪುರಾವೆಯಾಗಿ ಕೂತಿದ್ದೆ.

ಐದು ವರ್ಷದ ಹಿಂದಿನ ಮಳೆಗಾಲ. ಹೊಸಪೇಟೆಯ ಕಾಲೇಜಿನಲ್ಲಿ ಡಿಗ್ರಿಯ ಕೊನೆಯ ವರ್ಷ. ನಮ್ಮ ಮನೆ ಕಂಪ್ಲಿಯಲ್ಲಿ. ಅಪ್ಪನದು ರೈಸ್ ಮಿಲ್ಲು. ದಿನಾ ಬೆಳಗ್ಗೆ ಬುಕ್ಕಸಾಗರದ ಗದ್ದೆಗಳನ್ನು ದಾಟಿ ಬರುವ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ನಾಟಿ ಮಾಡುವ ಹೆಂಗಸರ ಸಾಲು ಕಿಟಕಿಯ ಹೊರಗೆ ಹಿಂದೆ ಸರಿಯುತ್ತಿರುವಾಗ ನಾನು ಒಳಗೆ ತುಟಿ ಅಲುಗಿಸುತ್ತ ಭಾಷಣ ಒಪ್ಪಿಸಿಕೊಳ್ಳುತ್ತಿದ್ದೆ. ಪಕ್ಕದ ಸೀಟಿನವರು ಮಂತ್ರ ಅಂದುಕೊಳ್ಳುತ್ತಿದ್ದರು. ನಾನು ಕಾಲೇಜಿನ ಚರ್ಚಾ ತಂಡದವನು.

ತಂಡ ಅಂದರೆ ಇಬ್ಬರೇ. ಇನ್ನೊಬ್ಬಳು ಹುಲಿಗೆಮ್ಮ. ಹಾಜರಿ ಪುಸ್ತಕದಲ್ಲಿ ಹುಲಿಗೆಮ್ಮ, ಉಳಿದ ಕಡೆ ಹುಲಿಗಿ. ಕಡ್ಡಿರಾಂಪುರದವಳು. ನಮ್ಮನ್ನು ಪಳಗಿಸಿದವರು ಇತಿಹಾಸ ಹೇಳುತ್ತಿದ್ದ ಗೀತಾ ಮೇಡಂ. ಅವರದು ಒಂದೇ ಪದ್ಧತಿ: ವಿಷಯ ಕೊಡುವುದು, ನಾಣ್ಯ ಚಿಮ್ಮಿ ಯಾರು ಪರ ಯಾರು ವಿರೋಧ ಎಂದು ತೀರ್ಮಾನಿಸುವುದು, ಒಂದು ತಾಸು ಬಿಟ್ಟು ಇಬ್ಬರೂ ಕಡೆ ಬದಲಿಸಿ ಅಷ್ಟೇ ಜೋರಾಗಿ ವಾದಿಸುವುದು. "ನಿನ್ನ ಅಭಿಪ್ರಾಯ ನಿಮ್ಮ ಮನಿಯಾಗ ಇಟ್ಟು ಬಾರಪ್ಪ. ಇಲ್ಲಿ ವಾದ ಬೇಕು" ಅನ್ನುತ್ತಿದ್ದರು. ನನಗೆ ಅದು ಅಮೃತದಂಥ ಮಾತು. ಯಾವುದನ್ನೂ ನಂಬದೆಯೇ ಎಲ್ಲದರ ಪರವಾಗಿ ಗೆಲ್ಲಬಹುದು ಎನ್ನುವುದು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಎಂಥ ಸ್ವಾತಂತ್ರ್ಯ ಅಂತೀರಿ!

ಹುಲಿಗಿಗೆ ಈ ಪದ್ಧತಿ ಅಷ್ಟು ಹಿಡಿಸುತ್ತಿರಲಿಲ್ಲ. ತನಗೆ ಒಪ್ಪಿಗೆಯಾಗದ ಕಡೆಯಿಂದ ಮಾತಾಡುವಾಗ ಅವಳ ದನಿ ಅರ್ಧ ಇಳಿಯುತ್ತಿತ್ತು. ಒಪ್ಪಿಗೆಯಾದ ಕಡೆ ಸಿಕ್ಕಿತೆಂದರೆ ಎದುರಿಗೆ ನಿಲ್ಲುವುದು ಕಷ್ಟ.

"ಸಾವ್ಕಾರ್ರ, ನೀವು ಎರಡೂ ಕಡೆ ಮಾತಾಡೋದು ನೋಡಿದ್ರ ನಿಮ್ಮ ಮಿಲ್ಲಿನ ಜರಡಿ ನೆನಪಾಗ್ತೈತಿ. ಅಕ್ಕಿನೂ ಬೀಳ್ತೈತಿ, ತೌಡೂ ಬೀಳ್ತೈತಿ, ಜರಡಿಗೆ ಏನೂ ಉಳಿಯಂಗಿಲ್ಲ" ಎಂದು ಚುಚ್ಚುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ಸಾವ್ಕಾರ. ಉಳಿದಂತೆ 'ಲೇ ಶರಣ.'

"ಜರಡಿ ಇಲ್ಲಂದ್ರ ನೀನು ಕಲ್ಲು ತಿಂತಿದ್ದಿ."

"ತಿನ್ನಾಕತ್ತೀನಲ್ಲ, ದಿನಾ ನಿನ್ನ ಭಾಷಣದಾಗ."

ಅವಳ ಮನೆಗೆ ನಾನು ಹೋಗುತ್ತಿದ್ದದ್ದು ರೊಟ್ಟಿಯ ಆಸೆಗೆ. ಅವಳ ತಾಯಿ ಪಾರವ್ವ ಊರಿನ ಒಂದು ಹೋಂಸ್ಟೇಯಲ್ಲಿ ಅಡಿಗೆ ಮಾಡುತ್ತಿದ್ದರು. ವಿದೇಶಿಯರಿಗೆ ಜೋಳದ ರೊಟ್ಟಿ ಬಡಿಯುವುದನ್ನು ತೋರಿಸಿ, ಅವರಿಂದ ಫೋಟೋ ತೆಗೆಸಿಕೊಂಡು, ಮನೆಗೆ ಬಂದು ನಮಗೂ ಬಡಿಯುತ್ತಿದ್ದರು. ಬಾಗಿಲ ಬಳಿ ಗೋಡೆಗೆ ಒರಗಿ ಅಜ್ಜಿ ಕೂತಿರುತ್ತಿದ್ದಳು, ಪಾರವ್ವನ ತಾಯಿ. ಅವಳ ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ. ನಮ್ಮ ಕಡೆಯವರಿಗೆ ಆ ಸರ ಏನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಚಿಕ್ಕಂದಿನಲ್ಲಿ ಅವಳಿಗೆ ಮುತ್ತು ಕಟ್ಟಿದ್ದರು. ದೇವರಿಗೆ ಬಿಟ್ಟಿದ್ದರು ಎನ್ನುವುದು ಹೇಳಿಕೆಯ ಮಾತು. ದೇವರು ಯಾವತ್ತೂ ಆ ಮನೆಗೆ ಬರಲಿಲ್ಲ, ಊರಿನ ದೊಡ್ಡವರು ಬಂದರು.

ಒಮ್ಮೆ ನಾನು, ಎಲ್ಲವನ್ನೂ ಕೇಳುವ ಚಟದವನು, ಅಜ್ಜಿಯನ್ನೇ ಕೇಳಿಬಿಟ್ಟೆ: "ಅಜ್ಜೀ, ನಿಮ್ಮನ್ನ ಯಾರಾದ್ರೂ ಕೇಳಿದ್ರೇನು, ಆಗ?"

"ಕೇಳಿದ್ರಪಾ. ಹೂಂ ಅಂದೆ" ಎಂದಳು. "ಒಂಬತ್ತು ವರ್ಷದಾಕಿ ಇದ್ದೆ. ಹಸರು ಸೀರಿ ಕೊಟ್ಟಿದ್ರು. ನಮ್ಮ ಓಣ್ಯಾಗ ಯಾರಿಗೂ ಹಂಥಾ ಸೀರಿ ಇದ್ದಿಲ್ಲ."

ಪಾರವ್ವನಿಗೆ ಮುತ್ತು ಕಟ್ಟಲು ಬಂದಾಗ ಇದೇ ಅಜ್ಜಿ ಕುಡುಗೋಲು ಹಿಡಿದು ಬಾಗಿಲಲ್ಲಿ ನಿಂತಳಂತೆ. ಮಗಳಿಗೆ ಮದುವೆ ಮಾಡಿಸಿದಳು. ಗಂಡನ ಮನೆಯವರಿಗೆ ಎರಡು ವರ್ಷದ ಮೇಲೆ ಅಜ್ಜಿಯ ಸಂಗತಿ ತಿಳಿದು, ಪಾರವ್ವ ಕಂಕುಳಲ್ಲಿ ಹುಲಿಗಿಯನ್ನು ಎತ್ತಿಕೊಂಡು ತವರಿಗೆ ಬಂದರು. ಆ ಹುಲಿಗಿ ಈಗ ಡಿಗ್ರಿಯ ಕೊನೆಯ ವರ್ಷ. ಅವಳನ್ನು ನೋಡಲು ಆ ಬೇಸಿಗೆಯಲ್ಲೇ ಎರಡು ಕಡೆಯವರು ಬಂದಿದ್ದರು. ಒಬ್ಬರು ಉಪ್ಪಿಟ್ಟು ತಿಂದು, ಇನ್ನೊಬ್ಬರು ಚಹಾ ಮುಗಿಸಿ, ಅಜ್ಜಿಯ ಕೊರಳು ನೋಡಿ, ಎದ್ದು ಹೋದರು.

"ಸರ ತಗದು ಇಡಬಾರದೇನಜ್ಜಿ, ಅವರು ಬಂದಾಗ?" ಅಂದಿದ್ದೆ ನಾನು.

"ಯಾಕ ತಗೀಬೇಕು? ಆಕಿ ಕಟ್ಟಿಕೊಂಡಿದ್ಲೇನು? ಕಟ್ಟಿದವರು ನಾಚಲಿ" ಅಂದಿದ್ದಳು ಹುಲಿಗಿ, ಅಜ್ಜಿಯ ಬದಲಿಗೆ.

ಜುಲೈಯಲ್ಲಿ ಸಂಡೂರಿನಲ್ಲಿ ಅಂತರ್ ಕಾಲೇಜು ಚರ್ಚಾ ಸ್ಪರ್ಧೆ ಇತ್ತು. ಗಣಿಯ ಕೆಂಪು ಧೂಳೆಲ್ಲ ಮಳೆಗೆ ಇಳಿದು ಗುಡ್ಡಗಳು ಆಗ ತಾನೇ ಹಸಿರಾಗಿದ್ದವು. ಬಸ್ಸಿನಿಂದ ಇಳಿದವರ ಚಪ್ಪಲಿಗೆಲ್ಲ ಕುಂಕುಮದಂಥ ಕೆಸರು. ವಿಷಯ: 'ಹೆಣ್ಣು ಮಕ್ಕಳ ಕಳ್ಳಸಾಗಣೆ ಇಂದು ಇತಿಹಾಸದ ಮಾತು.' ನನಗೆ ಪರ ಬಂತು, ಅವಳಿಗೆ ವಿರೋಧ.

ನಾನು ಹೇಳಿದ್ದು ಪಕ್ಕಾ ನೆನಪಿದೆ. ಇತಿಹಾಸದಲ್ಲಿ ದಂಡೆತ್ತಿ ಹೋದವರು ಹೆಂಗಸರನ್ನು, ಮಕ್ಕಳನ್ನು ಹಿಡಿದು ತಂದು ಮಾರಿದರು, ಒಪ್ಪುತ್ತೇನೆ. ಗುಡಿಗೆ ಬಿಟ್ಟರು, ಒಪ್ಪುತ್ತೇನೆ. ಆದರೆ ಇವತ್ತು ಕಾನೂನಿದೆ, ಆಧಾರ್ ಇದೆ, ಮೊಬೈಲ್ ಇದೆ. ವಯಸ್ಸಿಗೆ ಬಂದ ಹೆಣ್ಣು, ತಾನೇ ಒಪ್ಪಿ, ಮನೆಯವರ ಕಣ್ಣೆದುರು ಊರು ಬಿಟ್ಟು ಹೋದರೆ ಅದು ವಲಸೆ. ಅದನ್ನು ಕಳ್ಳಸಾಗಣೆ ಅನ್ನುವುದು ಆ ಹೆಣ್ಣಿನ ಬುದ್ಧಿಗೆ ಮಾಡುವ ಅವಮಾನ. ಕೊನೆಯ ವಾಕ್ಯಕ್ಕೆ ಹುಡುಗಿಯರೇ ಹೆಚ್ಚು ಚಪ್ಪಾಳೆ ತಟ್ಟಿದರು.

ಹುಲಿಗಿ ಎದ್ದು ನಿಂತು ಅಜ್ಜಿಯ ಹಸಿರು ಸೀರೆಯ ಕಥೆ ಹೇಳಿದಳು, ಅಜ್ಜಿ ಯಾರೆಂದು ಹೇಳದೆ. ಆಮೇಲೆ ಒಂದೇ ಮಾತು: "ಆಕೆ ಒಪ್ಪಿದಳೇ ಎಂದು ಕೇಳುವ ಮೊದಲು, ಒಲ್ಲೆ ಅನ್ನಲು ಆಕೆಗೆ ಜಾಗ ಇತ್ತೇ ಎಂದು ಕೇಳಿ."

ನನಗೆ ಮೊದಲ ಬಹುಮಾನ ಬಂತು, ಅವಳಿಗೆ ಎರಡನೆಯದು. ವಾಪಸ್ ಬಸ್ಸಿನಲ್ಲಿ ಟ್ರೋಫಿ ನನ್ನ ತೊಡೆಯ ಮೇಲೆ.

"ನೀ ಹೇಳಿದ್ದು ಭಾವನೆ, ಪುರಾವೆ ಅಲ್ಲ" ಅಂದೆ.

"ನಮ್ಮಜ್ಜಿ ಪುರಾವೆ ಅಲ್ಲೇನು?"

"ಒಬ್ಬಾಕಿ ಅಜ್ಜಿ ಅಂದ್ರ ಒಂದು ಉದಾಹರಣೆ."

"ನಿಂಗ ಎಷ್ಟು ಅಜ್ಜೇರು ಬೇಕಲೇ?" ಎಂದಳು. ಕಂಡಕ್ಟರ್ ನಕ್ಕ. ಅವಳೂ ನಕ್ಕಳು. ಕಿಟಕಿಯಿಂದ ಮಳೆ ಬಡಿದು ಇಬ್ಬರ ತೋಳೂ ಒದ್ದೆಯಾಗಿದ್ದರೂ ಯಾರೂ ಗಾಜು ಎಳೆಯಲಿಲ್ಲ. ಆ ಒಂದು ತಾಸಿನ ಪ್ರಯಾಣವನ್ನು ಯಾರಾದರೂ ನನಗೆ ಮತ್ತೆ ಕೊಡುವುದಾದರೆ ಟ್ರೋಫಿಯೇನು, ಇಲ್ಲಿಯ ತನಕ ಗೆದ್ದ ಎಲ್ಲವನ್ನೂ ಕೊಟ್ಟುಬಿಡುತ್ತೇನೆ. ಇದು ಭಾವನೆ, ಪುರಾವೆ ಅಲ್ಲ. ಇರಲಿ.

ಆ ತಿಂಗಳ ಕೊನೆಗೆ ಅವಳ ಮನೆಯಲ್ಲಿ ಶಾಂತಕ್ಕ ಎಂಬಾಕೆಯನ್ನು ಕಂಡೆ. ಮೂವತ್ತೈದರ ಆಸುಪಾಸು, ಕೈ ತುಂಬ ಬಳೆ, ಮಾತಿನ ನಡುವೆ ಹಿಂದಿ. ಬಳ್ಳಾರಿ ಕಡೆಯವಳೇ. ಉತ್ತರದ ಒಂದು ರಾಜ್ಯಕ್ಕೆ ಮದುವೆಯಾಗಿ ಹೋಗಿ, ಈಗ ಕುರೆಕುಪ್ಪದಲ್ಲಿ ಫ್ಯಾಕ್ಟರಿ ಕೆಲಸಗಾರರ ಓಣಿಯಲ್ಲಿ ರೂಮು ಮಾಡಿಕೊಂಡಿದ್ದಳು. ಅಜ್ಜಿಗೆ ಕಾಲು ಒತ್ತುತ್ತ ಕೂತಿದ್ದಳು. ಯಾರೋ ಸಂಬಂಧಿಕರು ಅಂದುಕೊಂಡೆ. ಎಲ್ಲದಕ್ಕೂ ಪ್ರಶ್ನೆ ಕೇಳುವ ನಾನು ಆವತ್ತು ಕೇಳಿದ್ದು ಇನ್ನೊಂದು ರೊಟ್ಟಿ ಇದೆಯೇ ಎಂದು.

ಆಗಸ್ಟಿನಲ್ಲಿ ಡ್ಯಾಂ ತುಂಬಿತು. ಗೇಟು ತೆಗೆದ ದಿನ ಅರ್ಧ ಕಾಲೇಜು ನೀರು ನೋಡಲು ಹೋಯಿತು. ನಾವಿಬ್ಬರು ಹಂಪಿಗೆ ಹೋದೆವು. ಅಚ್ಯುತರಾಯನ ಗುಡಿಯ ಮುಂದೆ ಉದ್ದಕ್ಕೆ ಕಲ್ಲಿನ ಕಂಬಸಾಲು, ನಡುವೆ ಹುಲ್ಲು ಬೆಳೆದ ಬೀದಿ. ಹಿಂದೆ ಅದು ಪೇಟೆ. ಆ ಬೀದಿಯನ್ನು ಸೂಳೆ ಬಜಾರು ಅನ್ನುತ್ತಾರೆ. ಗೈಡುಗಳು ಇಂಗ್ಲಿಷಿನಲ್ಲಿ ಹೇಳುವಾಗ ದನಿ ಏರಿಸುತ್ತಾರೆ, ಕನ್ನಡದಲ್ಲಿ ಹೇಳುವಾಗ ಇಳಿಸುತ್ತಾರೆ. ನಮಗೆ ಅದು ಅಭ್ಯಾಸದ ಜಾಗ, ಏಕೆಂದರೆ ಕಂಬಗಳು ದನಿಯನ್ನು ಚೆನ್ನಾಗಿ ವಾಪಸ್ ಕೊಡುತ್ತಿದ್ದವು.

"ಇಲ್ಲಿದ್ದ ಹೆಂಗಸರು ಶ್ರೀಮಂತರು, ಅವರಿಗೆ ಮರ್ಯಾದೆ ಇತ್ತು ಅಂತಾರ ಗೈಡ್ ಮಂದಿ" ಅಂದೆ.

"ಇರಬಹುದು. ಆದ್ರ ಬಜಾರು ಅಂದ ಮ್ಯಾಲೆ ಸಾಮಾನು ಯಾವುದಿತ್ತು ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕಂಬಕ್ಕೆ ಒರಗಿ ಕೂತು, "ಇವತ್ತು ವಿಷಯ ನಾ ಕೊಡ್ತೀನಿ. ಊರು ಬಿಟ್ಟು, ಭಾಷಾ ಬಿಟ್ಟು, ದೂರದ ರಾಜ್ಯಕ್ಕ ಮದುವಿ ಆಗಿ ಹೋಗೋದು ಹೆಣ್ಣಿಗೆ ಬಿಡುಗಡಿ. ನೀ ಪರ, ನಾ ವಿರೋಧ" ಅಂದಳು.

ನಾಣ್ಯ ಚಿಮ್ಮಲಿಲ್ಲ. ಎರಡು ವರ್ಷದಲ್ಲಿ ನಾಣ್ಯ ಚಿಮ್ಮದೆ ನಾವು ಒಂದು ಸಲವೂ ಶುರು ಮಾಡಿದವರಲ್ಲ. ನನಗೆ ಅದು ಹೊಳೆಯಲಿಲ್ಲ. ವಿಷಯ ಚೆನ್ನಾಗಿತ್ತು, ನಾನು ಎದ್ದು ನಿಂತೆ.

"ಆಕೀಗೆ ಜ್ವರ ಬಂದ್ರ ಯಾವ ಭಾಷಾದಾಗ ಹೇಳ್ತಾಳ?" ಎಂದು ಶುರು ಮಾಡಿದಳು.

"ಆರು ತಿಂಗಳಲ್ಲಿ ಕಲಿಯುತ್ತಾಳೆ. ಇಲ್ಲಿಗೆ ಬಂದ ಬಿಹಾರದ ಹುಡುಗರು ಕನ್ನಡ ಕಲಿತಿಲ್ಲವೇ?"

"ಹೊಡದ್ರ ಯಾರ ಮನೀಗೆ ಓಡ್ತಾಳ?"

"ಇಲ್ಲಿ ಹೊಡೆಸಿಕೊಂಡವರು ಎಲ್ಲಿಗೆ ಓಡಿದರು? ತವರು ಹತ್ತಿರ ಇದ್ದದ್ದೇ ಅವರನ್ನು ವಾಪಸ್ ಕಳಿಸಲು ಅನುಕೂಲವಾಯಿತು."

"ತನ್ನವರು ಅನ್ನೋರು?"

ನಾನು ಕಾಯುತ್ತಿದ್ದದ್ದು ಇದಕ್ಕೇ. "ತನ್ನವರು ಅನ್ನುವ ಊರು ಏನು ಕೊಟ್ಟಿದೆ? ಅಜ್ಜಿಗೆ ಯಾರೋ ಕಟ್ಟಿದ ಮಣಿಸರವನ್ನು ಮೊಮ್ಮಗಳ ಕೊರಳಲ್ಲಿ ಹುಡುಕುವ ಊರು ಇದು. ಚಹಾ ಕುಡಿದು ಎದ್ದು ಹೋಗುವ ಊರು. ಎಲ್ಲಿ ಅಜ್ಜಿಯ ಹೆಸರು ಯಾರಿಗೂ ಗೊತ್ತಿಲ್ಲವೋ ಅಲ್ಲಿ ಹೆಣ್ಣು ಮೊದಲ ಬಾರಿಗೆ ಬರೀ ತಾನಾಗಿ ಇರುತ್ತಾಳೆ. ಅದಕ್ಕಿಂತ ದೊಡ್ಡ ಬಿಡುಗಡೆ ಯಾವುದು?"

ಹೌದು, ಅವಳ ಅಜ್ಜಿಯನ್ನೇ ಬಳಸಿಕೊಂಡೆ. ನಮ್ಮಲ್ಲಿ ಅದಕ್ಕೆ ತಡೆ ಇರಲಿಲ್ಲ. ಎದುರಾಳಿಯ ಮನೆಯಿಂದಲೇ ಅಸ್ತ್ರ ಎತ್ತಿದವನಿಗೆ ಹೆಚ್ಚು ಅಂಕ ಎಂದು ಕಲಿತವರು ನಾವು.

ಅವಳು ಸ್ವಲ್ಪ ಹೊತ್ತು ಹುಲ್ಲು ಕಿತ್ತಳು. ಆಮೇಲೆ ಕೇಳಿದಳು: "ಅಂದ್ರ ಈ ಊರಾಗ, ಅಜ್ಜಿ ಹೆಸರು ಕೇಳದಂಗ ಆಕೀನ್ನ ಮಾಡಿಕೊಳ್ಳೋನು ಒಬ್ಬನೂ ಇಲ್ಲಂತೀ?"

"ಇದ್ದರೆ ಎದುರಾಳಿಗಳು ಹೆಸರು ಹೇಳಲಿ" ಅಂದೆ, ಕೈ ಎತ್ತಿ, ಕಂಬಸಾಲಿಗೆಲ್ಲ ಕೇಳುವ ಹಾಗೆ. "ಹೆಸರಿಲ್ಲದ ಸಾಕ್ಷಿ ಸಾಕ್ಷಿಯಲ್ಲ."

ಅವಳು ನನ್ನನ್ನೇ ನೋಡಿದಳು. ದೂರದಲ್ಲಿ ಯಾರೋ ಪ್ರವಾಸಿಗರು ಮಳೆಗೆ ಓಡುತ್ತ ನಗುತ್ತಿದ್ದರು. "ಆತು ಬಿಡು, ನೀ ಗೆದ್ದಿ" ಎಂದು ಎದ್ದು ಸೀರೆಯ ಹಿಂದಿನ ಹುಲ್ಲು ಕೊಡವಿಕೊಂಡಳು. ಆವತ್ತು ಕಡೆ ಬದಲಿಸಿ ವಾದಿಸುವುದು ಇಬ್ಬರಿಗೂ ಮರೆತುಹೋಯಿತು. ನನಗೆ ಮರೆತುಹೋಯಿತು ಅನ್ನಬೇಕು.

ವಾರ ಕಳೆದು ಕ್ಯಾಂಟೀನಿನಲ್ಲಿ ಸುದ್ದಿ ಹೇಳಿದಳು. ಶಾಂತಕ್ಕ ತಂದ ಸಂಬಂಧ. ರೈಲಿನಲ್ಲಿ ಎರಡು ದಿನದ ದಾರಿ. ವರದಕ್ಷಿಣೆ ಇಲ್ಲ, ಮದುವೆಯ ಖರ್ಚು ಅವರದೇ. ಯಾರ ಮೊಮ್ಮಗಳು ಎಂದು ಕೇಳಿಲ್ಲ.

ನನ್ನ ಕೈಯಲ್ಲಿದ್ದ ಮಿರ್ಚಿ ಹಾಗೇ ನಿಂತಿತು. "ಲೇ ಹುಲಿಗಿ, ಅವತ್ತು ಹಂಪ್ಯಾಗ... ಅದು ಡಿಬೇಟ್ ಆಗಿತ್ತಲ್ಲ!"

"ನಂಗ ಗೊತ್ತಿಲ್ಲೇನು ಡಿಬೇಟ್ ಅಂತ? ಆದ್ರ ನೀ ಹೇಳಿದ್ದರಾಗ ಒಂದೂ ಸುಳ್ಳು ಹುಡುಕಾಕ ಆಗಲಿಲ್ಲ ನಂಗ. ರಾತ್ರಿಯೆಲ್ಲಾ ಹುಡುಕೀನಿ."

ಆ ಸಂಜೆಯೇ ಕಡ್ಡಿರಾಂಪುರಕ್ಕೆ ಹೋದೆ. ಪಾರವ್ವ ಸಂಭ್ರಮದಲ್ಲಿ ಬರಮಾಡಿಕೊಂಡರು. "ನೀವು ಎಲ್ಲಾ ಬಿಡಿಸಿ ಹೇಳಿದ್ರಂತಲ್ರೀ ತಮ್ಮಾ. ನಂಗ ಭಾಳ ಅಂಜಿಕಿ ಇತ್ತು. ಹುಲಿಗಿ ಬಂದು ನಿಮ್ಮ ಮಾತು ಒಂದೊಂದಾಗಿ ಒಪ್ಪಿಸಿದ ಮ್ಯಾಲೆ ಧೈರ್ಯ ಬಂತು. ಕಲಿತವರು ಹೇಳಿದ ಮ್ಯಾಲೆ ಇನ್ನೇನ್ರಿ."

ಶಾಂತಕ್ಕ ಅಲ್ಲೇ ಇದ್ದಳು. ಫೋನಿನಲ್ಲಿ ಹುಡುಗನ ಫೋಟೋ ತೋರಿಸಿದಳು. ನಾನು ಕೇಳಿದೆ: ಯಾವ ಜಿಲ್ಲೆ? ಏನು ಕೆಲಸ? ಆಧಾರ್ ಕಾರ್ಡು ಯಾರಾದರೂ ನೋಡಿದ್ದೀರಾ? ಇಲ್ಲಿಂದ ಯಾರಾದರೂ ಹೋಗಿ ಮನೆ ನೋಡಿ ಬಂದಿದ್ದೀರಾ?

ಶಾಂತಕ್ಕ ನಕ್ಕಳು. ಸಿಟ್ಟಿನ ನಗೆಯಲ್ಲ, ತುಂಬ ಆದರದ ನಗೆ. "ಎಷ್ಟು ಕಾಳಜಿಯಪ್ಪ ನಿಂದು! ಇಷ್ಟು ಕಾಳಜಿ ಇದ್ರ ನೀನೇ ಒಂದು ವರ ಹುಡುಕಿಕೊಡು. ನಿಮ್ಮ ಮಂದ್ಯಾಗೇ ನೋಡು ಬೇಕಾದ್ರ. ನಾ ಇವತ್ತೇ ಅವರಿಗೆ ಬ್ಯಾಡ ಅಂತ ಫೋನ್ ಹಚ್ತೀನಿ."

ಪಾರವ್ವ ನನ್ನ ಮುಖ ನೋಡಿದರು. ಅಜ್ಜಿ ನೋಡಿದಳು. ಹುಲಿಗಿ ಮಾತ್ರ ನೋಡಲಿಲ್ಲ, ಒಲೆಯ ಕಡೆ ತಿರುಗಿ ಹೆಂಚಿನ ಮೇಲಿನ ರೊಟ್ಟಿ ಒತ್ತುತ್ತಿದ್ದಳು. ನನ್ನ ಕಣ್ಣ ಮುಂದೆ ಬಂದದ್ದು ಮಿಲ್ಲಿನ ಆಫೀಸಿನಲ್ಲಿ ಹಣೆ ತುಂಬ ವಿಭೂತಿ ಹಚ್ಚಿ ಕೂರುವ ಅಪ್ಪ, ಅಡಿಗೆಮನೆಗೆ ಯಾರು ಬರಬಹುದು ಯಾರು ಬರಬಾರದು ಎಂದು ಕಣ್ಣಿನಲ್ಲೇ ಹೇಳುವ ಅವ್ವ. ಚಹಾ ಆರುತ್ತಿತ್ತು. ಕುಡಿದೆ. ಲೋಟ ಕೆಳಗಿಟ್ಟೆ. "ಹಂಗಲ್ಲ, ಸುಮ್ಮನ ಕೇಳಿದೆ" ಅಂದೆ.

ಚಹಾ ಕುಡಿದು ಎದ್ದು ಹೋದ ಮೂರನೆಯವನು ನಾನು.

ಸೆಪ್ಟೆಂಬರಿನಲ್ಲಿ ಊರ ಹೊರಗಿನ ಸಣ್ಣ ಗುಡಿಯಲ್ಲಿ ಮದುವೆಯಾಯಿತು. ಫೋಟೋದಲ್ಲಿದ್ದವನೇ ಬಂದಿದ್ದ, ಜೊತೆಗೆ ಇಬ್ಬರು. ಮೂರನೆಯ ದಿನ ಮಧ್ಯಾಹ್ನ ಹೊಸಪೇಟೆ ಸ್ಟೇಷನ್ನಿನಲ್ಲಿ ಕಳಿಸಲು ಹೋದೆ. ಕಿಟಕಿಯ ಸರಳಿನ ಹಿಂದೆ ಕೂತು ಅವಳು, "ಅಂತರ ವಿಶ್ವವಿದ್ಯಾಲಯದ ಡಿಬೇಟ್ ಡಿಸೆಂಬರ್‌ದಾಗ ಐತಿ. ಒಬ್ಬನೇ ಹೋಗಿ ಎರಡೂ ಕಡೆ ಮಾತಾಡಿ ಬಾ, ಜರಡಿ" ಅಂದಳು.

"ಫೋನ್ ಮಾಡು."

"ಮಾಡ್ತೀನಿ. ಅಲ್ಲಿ ಜಗಳಾಡಾಕ ಯಾರೂ ಸಿಗಲಿಲ್ಲಂದ್ರ ಜಲ್ದಿ ಮಾಡ್ತೀನಿ."

ಹದಿನೈದು ದಿನ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ದಸರಾ ಹೊತ್ತಿಗೆ ಪಾರವ್ವ ಮತ್ತು ನಾನು ಕುರೆಕುಪ್ಪಕ್ಕೆ ಹೋದೆವು. ಶಾಂತಕ್ಕನ ರೂಮಿಗೆ ಬೀಗ. ಪಕ್ಕದ ಹೆಂಗಸು, "ಆಕಿ ಹೋಗಿ ತಿಂಗಳಾತ್ರಿ. ಬುಕ್ಕಸಾಗರದ ಕಡೆಯವರೂ ಇಬ್ಬರು ಬಂದು ಕೇಳಿ ಹೋದ್ರು, ಅವರ ಹುಡಿಗೀರ ಸುದ್ದೀನೂ ಇಲ್ಲಂತ" ಅಂದಳು. ಪಾರವ್ವ ಅಲ್ಲೇ ಮೆಟ್ಟಿಲ ಮೇಲೆ ಕೂತು ಮತ್ತೆ ಹುಲಿಗಿಯ ನಂಬರಿಗೆ ಫೋನು ಹಚ್ಚಿದರು.

ಗೀತಾ ಮೇಡಂ ಅವರನ್ನು ಕರೆದುಕೊಂಡು ಪೊಲೀಸರ ಬಳಿ ಹೋದೆವು. ಯಾವ ಠಾಣೆ ಎನ್ನುವುದು ಮುಖ್ಯವಲ್ಲ. ಅಲ್ಲಿಯ ಸಾಹೇಬರು ಕೆಟ್ಟವರಲ್ಲ. ನಿಧಾನವಾಗಿ, ತಾಳ್ಮೆಯಿಂದ ಕೇಳಿದರು. "ಹುಡುಗಿಗೆ ವಯಸ್ಸು ಇಪ್ಪತ್ತೊಂದು. ಡಿಗ್ರಿ ಓದಿದಾಕಿ. ತಾಯಿ ಮುಂದ ನಿಂತು ಮದುವಿ ಮಾಡ್ಯಾರ. ತಾನೇ ಒಪ್ಪಿ ಹೋಗ್ಯಾಳ. ಇದರಾಗ ಕಳ್ಳಸಾಗಣೆ ಎಲ್ಲಿ ಬಂತ್ರಿ?"

ಸಂಡೂರಿನ ನನ್ನ ಭಾಷಣ, ಅದೇ ಅನುಕ್ರಮದಲ್ಲಿ. ಒಂದು ಅಂಶವೂ ಬಿಟ್ಟಿರಲಿಲ್ಲ. ಮೇಡಂ ನನ್ನ ಕಡೆ ತಿರುಗಿ, "ಹೇಳು ಶರಣ, ಉತ್ತರ ಕೊಡು" ಅಂದರು. ನನಗೆ ಗೊತ್ತಿದ್ದ ಉತ್ತರ ಒಂದೇ, ಅದು ಹುಲಿಗಿಯದು, ಒಲ್ಲೆ ಅನ್ನಲು ಜಾಗ ಇತ್ತೇ ಎಂಬುದು. ಅದನ್ನು ಭಾವನೆ ಎಂದು ತಳ್ಳಿಹಾಕಿದವನ ಬಾಯಲ್ಲಿ ಅದು ಬರಲಿಲ್ಲ. ಮೇಡಮ್ಮೇ ಮಾತಾಡಿದರು. ಸಾಹೇಬರು ಕಾಣೆಯಾದವರ ದೂರು ಅಂತ ಬರೆದುಕೊಂಡರು.

ಅಲ್ಲಿಗೆ ಆ ಮಳೆಗಾಲ ಮುಗಿಯಿತು. ನಾನು ಆ ಡಿಸೆಂಬರಿನ ಸ್ಪರ್ಧೆಗೆ ಹೋಗಲಿಲ್ಲ. ಕಾನೂನು ಓದಿದೆ. ಮೂರು ವರ್ಷ ಏನನ್ನು ಓದಿದರೂ, ಒಂದು ವಾಕ್ಯ ಮುಗಿದ ಮೇಲೆ ಇನ್ನೊಂದು ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಬಿಡುತ್ತಿದ್ದೆ. ಅವಳು ಎದುರು ಮಾತಾಡುತ್ತಿದ್ದ ಜಾಗ ಅದು. ಬುಕ್ಕಸಾಗರದ ಬಸ್ಸಿನಲ್ಲಿ, ಮಿಲ್ಲಿನಲ್ಲಿ ಭತ್ತ ಬೇಯುವ ಹಬೆಯಲ್ಲಿ, ಕೋರ್ಟಿನ ಜಗಲಿಯಲ್ಲಿ, ಎಲ್ಲೆಲ್ಲೂ ಆ ಜಾಗ ಖಾಲಿ ಇತ್ತು. ಸಾಲದ್ದಕ್ಕೆ ನನ್ನ ಮಾತನ್ನು ಎಲ್ಲರೂ ಒಪ್ಪುತ್ತಿದ್ದರು. ಅದಕ್ಕಿಂತ ದೊಡ್ಡ ಏಕಾಂತ ನಾನು ಕಂಡಿಲ್ಲ.

ಕಳೆದ ವರ್ಷ ಚಳಿಗಾಲದಲ್ಲಿ ಹುಲಿಗಿ ವಾಪಸ್ ಬಂದಳು. ಯಾರೂ ಕರೆತರಲಿಲ್ಲ, ತಾನೇ ಬಂದಳು. ಅಲ್ಲಿ ಅವಳ ಗಂಡ ಫೋಟೋದವನಲ್ಲ. ಅವನ ಅಣ್ಣ, ನಲವತ್ತು ದಾಟಿದವನು. ಹೆಸರೂ ಬದಲಿಸಿದ್ದರು. ಎಮ್ಮೆ, ಹೊಲ, ಅಡಿಗೆ, ಹೊರಗಿನಿಂದ ಚಿಲಕ. 'ನಿನ್ನನ್ನು ಕೊಂಡು ತಂದಿದ್ದೇವೆ' ಎಂದು ಅತ್ತೆ ದಿನಕ್ಕೆ ಒಮ್ಮೆಯಾದರೂ ನೆನಪಿಸುತ್ತಿದ್ದಳಂತೆ. ಮೂರನೆಯ ವರ್ಷ ಹೆಣ್ಣು ಮಗುವಾಯಿತು. ಒಂದು ದಿನ ಬೆಳಗ್ಗೆ ಚಿಲಕ ಹಾಕುವುದನ್ನು ಮರೆತರು. ಹೊಲ ದಾಟಿ ಹೆದ್ದಾರಿಯ ಢಾಬಾದ ಮುಂದೆ ಬಂದಾಗ ಅಲ್ಲಿ ನಿಂತ ಲಾರಿಯ ನಂಬರ್ ಪ್ಲೇಟು ಕೆಎ-35, ನಮ್ಮ ಹೊಸಪೇಟೆಯದು. ಡ್ರೈವರು ಸಂಡೂರಿನವರು. "ಅಣ್ಣಾ" ಎಂದಳಂತೆ. ನಾಲ್ಕು ವರ್ಷದಲ್ಲಿ ಇನ್ನೊಬ್ಬರಿಗೆ ಆಡಿದ ಮೊದಲ ಕನ್ನಡದ ಮಾತು ಅದು. ಆ ಪುಣ್ಯಾತ್ಮ ಏನೂ ಕೇಳದೆ ಮೊದಲು ಚಹಾ ಕುಡಿಸಿ, ಆಮೇಲೆ ಪಾರವ್ವನಿಗೆ ಫೋನು ಹಚ್ಚಿದರು.

ಮಗು ಅಲ್ಲೇ ಉಳಿದಿದೆ. ಈಗ ಎರಡು ವರ್ಷ.

ಮಗುವಿಗಾಗಿ ಅಲ್ಲಿಯ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೇವೆ. ವಾದಿಸುವವರು ಅಲ್ಲಿಯ ಹಿರಿಯ ವಕೀಲರೊಬ್ಬರು. ಇಲ್ಲಿ ಕಾಗದ ಸಿದ್ಧಮಾಡುವ ಜೂನಿಯರ್ ನಾನು. ಮುಂದಿನ ತಿಂಗಳು ಅವಳ ಹೇಳಿಕೆ. ಕಳೆದ ವಾರ ಕಡ್ಡಿರಾಂಪುರದ ಅದೇ ಮನೆಯಲ್ಲಿ ಕೂತಿದ್ದೆವು. ಅಜ್ಜಿ ಈಗಿಲ್ಲ. ಹುಲಿಗಿ ತೆಳ್ಳಗಾಗಿದ್ದಾಳೆ, ಮಾತು ಕಡಿಮೆ. ನಾನು ಕಾಗದ ಮಡಿಸುತ್ತ, ಐದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಲು ಹೊರಟೆ.

"ಹುಲಿಗಿ, ಅವತ್ತು ಹಂಪ್ಯಾಗ ನಾನು ಒಂದು ಹೆಸರು..."

"ಈಗ ಅದು ಬ್ಯಾಡ" ಅಂದಳು. ಗಟ್ಟಿಯಾಗಿ ಅನ್ನಲಿಲ್ಲ. "ಈಗ ನೀ ಅವರ ಕಡೆ ವಕೀಲ ಅಂತ ತಿಳಕೋ. ನಂಗ ಪ್ರಶ್ನೆ ಕೇಳು."

ಒಂದೆರಡು ಸಣ್ಣ ಪ್ರಶ್ನೆ ಕೇಳಿದೆ. ಯಾವಾಗ ಮದುವೆಯಾಯಿತು, ಮನೆಯಲ್ಲಿ ಎಷ್ಟು ಜನ. ಅವಳು ಕೈ ಅಡ್ಡ ಹಿಡಿದಳು. "ಏನಲೇ ಇದು, ಅಂಗನವಾಡಿ ಸರ್ವೆ ಮಾಡಾಕತ್ತೀಯೇನು? ಅಲ್ಲಿ ನಿಂದ್ರೋ ವಕೀಲ ನನ್ನ ಗೆಳೆಯ ಅಲ್ಲ. ನೀ ಗೆಲ್ಲಾಕಂತ ಹೆಂಗ ಮಾತಾಡ್ತಿದ್ದೀ, ಹಂಗ ಕೇಳು. ಕರುಣಾ ತೋರಿಸಿದ್ರ ನನ್ನ ಕೂಸು ಹೋಗ್ತೈತಿ."

ಪಾರವ್ವ ಒಲೆಯ ಮುಂದಿನಿಂದ ತಲೆ ಎತ್ತಿದರು. ನಾನು ಎದ್ದು ನಿಂತೆ. ನಿಲ್ಲದೆ ಅಂಥ ಪ್ರಶ್ನೆ ನನಗೆ ಬರುವುದಿಲ್ಲ. ಇದ್ದುದರಲ್ಲಿ ಅತ್ಯಂತ ಕ್ರೂರವಾದದ್ದನ್ನು ಆರಿಸಿದೆ, ಏಕೆಂದರೆ ಅವರೂ ಅದನ್ನೇ ಆರಿಸುತ್ತಾರೆ.

"ಒಂದೂವರೆ ವರ್ಷದ ಮಗುವನ್ನು ಬಿಟ್ಟು ಓಡಿ ಬಂದ ತಾಯಿ ನೀವು. ಅಂಥವರು ಈಗ ಯಾವ ಮುಖ ಇಟ್ಟುಕೊಂಡು ಮಗು ಬೇಕು ಅಂತೀರಿ?"

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಪಾರವ್ವ ತೆಗೆಯಲಿಲ್ಲ. ಹುಲಿಗಿ ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಒತ್ತಿಕೊಂಡು ನೆಲ ನೋಡಿದಳು. ನಾನು ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮುಖ ಎತ್ತಿದಳು. ದನಿ ಒಂಚೂರೂ ಇಳಿದಿರಲಿಲ್ಲ.

"ಬಾಗಿಲಾ ತೆರೆದಿದ್ದು ಒಂದು ಗಳಿಗಿ. ಕೂಸು ನಮ್ಮತ್ತಿ ಮಗ್ಗಲಾಗ ಮಲಗಿತ್ತು. ಎತ್ತಿಕೊಂಡಿದ್ರ ಅಳ್ತಿತ್ತು, ಇಬ್ಬರೂ ಸಿಗ್ತಿದ್ವಿ. ಇಬ್ಬರೂ ಒಳಗ ಉಳಿದಿದ್ರ, ಸಾಹೇಬ್ರ, ಆ ಕೂಸು ಎಲ್ಲಿ ಅಂತ ಕೇಳಾಕ ಈ ಲೋಕದಾಗ ಹೊರಗ ಯಾರೂ ಇರ್ತಿದ್ದಿಲ್ಲ. ಕೇಳಾಕ ಒಬ್ಬಾಕಿ ಬೇಕಾಗಿತ್ತು. ಅದಕ್ಕ ನಾ ಬಂದೆ."

ನಾನು ಹುಡುಕಿದೆ. ಅವರ ಕಡೆಯಿಂದ, ಪ್ರಾಮಾಣಿಕವಾಗಿ, ಕಲಿತ ವಿದ್ಯೆಯನ್ನೆಲ್ಲ ಒಟ್ಟು ಮಾಡಿ ಹುಡುಕಿದೆ. ಪ್ರತಿವಾದ ಇರಲಿಲ್ಲ.

"ಯಾಕ ಸುಮ್ಮನಾದಿ?" ಅಂದಳು. "ಮುಂದಿಂದು ಕೇಳು."